ಫ್ರಿಜ್ಜಿನ ಮೇಲೆ ನಾನು ಅಂಟಿಸಿದ ಚೀಟಿ: ಕಿವುಡ ಮಕ್ಕಳು, ಅವರ ಮನೆಯವರು, ನೂರು ವರ್ಷದ ಸಂಶೋಧನೆ

ಈ ವಾರದ ವಿಡಿಯೋ ನೋಡಿದವರಿಗೆ ಇದು ಅದೇ ಮಾತಿನ ಬರಹರೂಪ. ಮಾತಾಡುವಾಗ ಬಿಟ್ಟುಹೋದ ಕೆಲವು ವಿಷಯ ಸೇರಿಸಿದ್ದೀನಿ, ನಾನು ತಡವರಿಸಿದ ಜಾಗಗಳನ್ನ ತೆಗೆದಿದ್ದೀನಿ. ವಿಡಿಯೋ ನೋಡದವರು ಇದನ್ನೇ ಓದಿಕೊಂಡರೂ ಸಾಕು.

ಮೊದಲು ಒಂದು ಚೀಟಿಯ ವಿಷಯ ಹೇಳಿಬಿಡ್ತೀನಿ. ನಾನು ಎಂಟೆಕ್ ಮೊದಲ ವರ್ಷದಲ್ಲಿದ್ದಾಗ ರಜೆಗೆ ಅರಸೀಕೆರೆಗೆ ಹೋಗಿದ್ದೆ. ಅಕ್ಕನ ಮಗನಿಗೆ ಆಗ ನಾಲ್ಕು ವರ್ಷ. ಅವನಿಗೆ ಕಿವಿ ಕೇಳಲ್ಲ ಅನ್ನೋದು ಮನೆಯವರಿಗೆ ಗೊತ್ತಾಗಿದ್ದೇ ಎರಡೂವರೆ ವರ್ಷಕ್ಕೆ. ಅಲ್ಲೀತನಕ "ಗಂಡುಮಕ್ಕಳಿಗೆ ಮಾತು ಲೇಟು ಬಿಡಮ್ಮ" ಅನ್ನೋ ಸಮಾಧಾನವೇ ನಡೀತಿತ್ತು. ಆಮೇಲೆ ಕಿವಿ ಮಿಷಿನ್ ಹಾಕಿಸಿದ್ರು. ಹಾಕಿದ ಕ್ಲಿನಿಕ್ಕಿನವರು ಅಕ್ಕನಿಗೆ ಒಂದು ಮಾತು ಒತ್ತಿ ಹೇಳಿ ಕಳಿಸಿದ್ರು: ಮನೇಲಿ ಯಾರೂ ಕೈಸನ್ನೆ ಮಾಡಬಾರದು, ಮಾಡಿದ್ರೆ ಮಗು ಸೋಮಾರಿಯಾಗುತ್ತೆ, ಮಾತು ಬರೋದೇ ಇಲ್ಲ.

ನಮ್ಮಮ್ಮನಿಗೆ ಅಂದ್ರೆ ಹುಡುಗನ ಅಜ್ಜಿಗೆ ಇದು ಸಾಧ್ಯವೇ ಇರಲಿಲ್ಲ. ಊಟಕ್ಕೆ ಬಾ ಅನ್ನೋಕೆ ಬಾಯಿ ಹತ್ತಿರ ಕೈ ತಗೊಂಡು ಹೋಗೋರು. ಹುಡುಗನೂ ತನ್ನದೇ ಸನ್ನೆಗಳನ್ನ ಮಾಡಿಕೊಂಡಿದ್ದ. ಮೂಗಿನ ಪಕ್ಕ ಬೆರಳಿಟ್ಟರೆ ಅಜ್ಜಿ, ಮೂಗುತಿ ನೋಡಿ. ಎರಡು ಕಣ್ಣಿಗೆ ಉಂಗುರ ಮಾಡಿದ್ರೆ ನಾನು, ಕನ್ನಡಕ. ಸಿಗ್ನಲ್ ಪ್ರೊಸೆಸಿಂಗ್ ಓದುತ್ತಿದ್ದ ನನಗೆ ಇದೆಲ್ಲ ಅಶಿಸ್ತು ಅನ್ನಿಸ್ತು. ನನ್ನ ತಲೆಯಲ್ಲಿ ಇದ್ದ ಲೆಕ್ಕ ಇಷ್ಟೇ: ಇನ್‌ಪುಟ್ ಸಣ್ಣದಿದೆ, ಮಿಷಿನ್ ಅದನ್ನ ದೊಡ್ಡದು ಮಾಡುತ್ತೆ, ಬೇರೆ ಚಾನಲ್ ಮುಚ್ಚಿದ್ರೆ ಮೆದುಳು ಈ ಚಾನಲ್ಲಿಗೆ ಹೊಂದಿಕೊಳ್ಳುತ್ತೆ. ಒಂದು ಎ4 ಹಾಳೆ ಮೇಲೆ ದೊಡ್ಡಕ್ಷರದಲ್ಲಿ "ಸನ್ನೆ ಮಾಡಬೇಡಿ, ಮಾತಾಡಿ" ಅಂತ ಬರೆದು ಫ್ರಿಜ್ಜಿಗೆ ಅಂಟಿಸಿ ಕಾಲೇಜಿಗೆ ವಾಪಸ್ ಹೋದೆ. ಓದಿದ ತಮ್ಮ ಬರೆದಿದ್ದು ಅಂತ ಅಕ್ಕ ಅದನ್ನ ಆರು ವರ್ಷ ತೆಗೀಲಿಲ್ಲ.

ಆ ಚೀಟಿಯ ವಾಕ್ಯ ನನ್ನದಲ್ಲ, ಆ ಕ್ಲಿನಿಕ್ಕಿನವರದೂ ಅಲ್ಲ ಅಂತ ಗೊತ್ತಾಗೋಕೆ ನನಗೆ ಬಹಳ ವರ್ಷ ಬೇಕಾಯ್ತು. ಅದರ ಊರು ಇಟಲಿಯ ಮಿಲಾನ್.

1880ರ ಸೆಪ್ಟೆಂಬರ್‌ನಲ್ಲಿ ಮಿಲಾನಿನಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೀತು. 164 ಪ್ರತಿನಿಧಿಗಳು. ಅವರಲ್ಲಿ ಕಿವುಡರು ಒಬ್ಬರೇ ಒಬ್ಬರು. ಸನ್ನೆಗಿಂತ ಮಾತೇ ಮೇಲು, ಕಿವುಡ ಮಕ್ಕಳಿಗೆ ಮಾತಿನ ಮೂಲಕವೇ ಪಾಠ ಹೇಳಬೇಕು ಅನ್ನೋ ನಿರ್ಣಯ 160ಕ್ಕೆ 4 ಮತಗಳಲ್ಲಿ ಪಾಸಾಯ್ತು. ಅಲ್ಲಿಂದ ಮುಂದೆ ಯುರೋಪು, ಅಮೆರಿಕದ ಶಾಲೆಗಳಲ್ಲಿ ಕಿವುಡ ಮೇಷ್ಟರುಗಳು ಕೆಲಸ ಕಳಕೊಂಡರು, ಮಕ್ಕಳಿಗೆ ಕೈ ಮೇಲೆ ಕೂತ್ಕೊಳ್ಳಿ ಅಂತ ಹೇಳೋ ಕಾಲ ಬಂತು. ನಮ್ಮ ದೇಶದ ಮೊದಲ ಕಿವುಡರ ಶಾಲೆ ಮುಂಬಯಿಯಲ್ಲಿ ಶುರುವಾಗಿದ್ದು 1885ರ ಹೊತ್ತಿಗೆ, ಕಲ್ಕತ್ತದ್ದು 1893ರಲ್ಲಿ. ಅಂದ್ರೆ ನಮ್ಮಲ್ಲಿ ಈ ಶಿಕ್ಷಣ ಹುಟ್ಟಿದ್ದೇ ಮಿಲಾನಿನ ಗಾಳಿ ಬೀಸುತ್ತಿದ್ದ ಕಾಲದಲ್ಲಿ. ಅದೇ ಸಮ್ಮೇಳನದ ಮುಂದುವರಿಕೆಯಾದ ಸಭೆ ಈ ನಿರ್ಣಯಗಳನ್ನ ತಿರಸ್ಕರಿಸಿ ವಿಷಾದ ವ್ಯಕ್ತಪಡಿಸಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ. 130 ವರ್ಷ. ನಾನು ಚೀಟಿ ಅಂಟಿಸಿದಾಗ ಮಿಲಾನಿನ ಆ ಮಾತನ್ನ ಹಾಕಿದವರೇ ಇನ್ನೂ ವಾಪಸ್ ತಗೊಂಡಿರಲಿಲ್ಲ.

ಈಗ ಮನಶ್ಶಾಸ್ತ್ರದವರ ಕಡೆ ಬರೋಣ. ಇವರು ಈ ಕಥೆಗೆ ಬಂದಿದ್ದು ಬುದ್ಧಿ ಪರೀಕ್ಷೆ ಹಿಡ್ಕೊಂಡು. ಓಹಾಯೋದಲ್ಲಿ ರುಡಾಲ್ಫ್ ಪಿಂಟ್ನರ್ ಮತ್ತು ಡೊನಾಲ್ಡ್ ಪ್ಯಾಟರ್ಸನ್ 1915ರ ಸುಮಾರಿಗೆ ಕಿವುಡ ಮಕ್ಕಳಿಗೆ ಬಿನೆ ಪರೀಕ್ಷೆ ಕೊಟ್ಟು ನೋಡಿದರು. ಅದು ಹೆಚ್ಚಾಗಿ ಮಾತಿನ ಪರೀಕ್ಷೆ. ಇಂಗ್ಲಿಷ್ ಕೇಳಿಯೇ ಇರದ ಮಗುವಿಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿ ಮಾರ್ಕ್ಸ್ ಹಾಕಿದ ಹಾಗೆ. ಅವರಿಗೇ ಇದು ಹೊಂದಲ್ಲ ಅನ್ನಿಸಿ 1917ರಲ್ಲಿ ಮಾತಿಲ್ಲದೆ ಮಾಡಿ ತೋರಿಸುವ ಪರೀಕ್ಷೆಗಳ ಒಂದು ಸರಣಿ ತಂದರು. ಅದಕ್ಕೆ ಅವರಿಗೆ ಮರ್ಯಾದೆ ಕೊಡಲೇಬೇಕು. ಆದರೂ ಪಿಂಟ್ನರ್ ಕೊನೆಗೆ ಬಂದ ತೀರ್ಮಾನ ಕಿವುಡ ಮಕ್ಕಳು ಬುದ್ಧಿಯಲ್ಲಿ ಸರಾಸರಿಗಿಂತ ಹಿಂದೆ ಅನ್ನೋದೇ. 1960ರಲ್ಲಿ ಹೆಲ್ಮರ್ ಮೈಕಲ್‌ಬಸ್ಟ್ ಕಿವುಡುತನದ ಮನಶ್ಶಾಸ್ತ್ರದ ಬಗ್ಗೆ ದೊಡ್ಡ ಪುಸ್ತಕವೇ ಬರೆದರು. ಅಲ್ಲಿ ಸ್ವರ ಸ್ವಲ್ಪ ಬದಲಾಗಿದೆ: ದಡ್ಡರಲ್ಲ, ಆದರೆ ಕಣ್ಣಿಗೆ ಕಂಡದ್ದಕ್ಕೇ ಅಂಟಿಕೊಂಡ ಯೋಚನೆ, ಅಮೂರ್ತಕ್ಕೆ ಹೋಗುವುದು ಕಷ್ಟ ಅಂತ.

ಇದನ್ನ ಮುರಿದವರಲ್ಲಿ ನನಗೆ ಇಷ್ಟವಾದ ವ್ಯಕ್ತಿ ಹಾನ್ಸ್ ಫರ್ತ್. ವಿಯೆನ್ನಾದಲ್ಲಿ ಹುಟ್ಟಿ, ವಾಷಿಂಗ್ಟನ್ನಿನ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು, ಪಿಯಾಜೆಯ ಹಿಂಬಾಲಕ. ಕಿವುಡ ಮಕ್ಕಳಿಗೆ ಪಿಯಾಜೆ ಮಾದರಿಯ ತರ್ಕದ ಒಗಟುಗಳನ್ನ ಕೊಟ್ಟು, ಇವರು ಚೆನ್ನಾಗೇ ಯೋಚಿಸ್ತಾರೆ ಅಂತ 1966ರ ಪುಸ್ತಕದಲ್ಲಿ ತೋರಿಸಿದರು. ಪುಸ್ತಕದ ಹೆಸರಿನ ಅರ್ಥ "ಭಾಷೆಯಿಲ್ಲದ ಯೋಚನೆ". ತಮಾಷೆ ಏನಂದ್ರೆ, ಅದೇ ವಾಷಿಂಗ್ಟನ್ ಊರಿನ ಗ್ಯಾಲುಡೆಟ್ ಕಾಲೇಜಿನಲ್ಲಿ ವಿಲಿಯಂ ಸ್ಟೋಕಿ ಅನ್ನೋ ಇಂಗ್ಲಿಷ್ ಮೇಷ್ಟ್ರು 1960ರಲ್ಲೇ, ಕಿವುಡರು ಕೈಯಲ್ಲಿ ಆಡೋದು ಪೂರ್ತಿ ವ್ಯಾಕರಣ ಇರುವ ಭಾಷೆ ಅಂತ ಬರೆದಾಗಿತ್ತು. 1965ರಲ್ಲಿ ಡೊರೊಥಿ ಕ್ಯಾಸ್ಟರ್‌ಲೈನ್, ಕಾರ್ಲ್ ಕ್ರೋನೆಬರ್ಗ್ ಅನ್ನೋ ಇಬ್ಬರು ಕಿವುಡ ಸಹೋದ್ಯೋಗಿಗಳ ಜೊತೆ ನಿಘಂಟನ್ನೂ ತಂದರು. ಒಂದೇ ಊರಿನಲ್ಲಿ ಒಬ್ಬರು "ಭಾಷೆ ಇಲ್ಲದೆಯೂ ಯೋಚಿಸ್ತಾರೆ" ಅಂತಾರೆ, ಇನ್ನೊಬ್ಬರು "ಭಾಷೆ ಇದೆಯಲ್ಲಪ್ಪ" ಅಂತಾರೆ. ನಮ್ಮ ಆಫೀಸಿನ ಎರಡು ಟೀಮುಗಳ ಥರ. 1968ರಲ್ಲಿ ಮೆಕೇ ವರ್ನನ್ ಐವತ್ತು ವರ್ಷದ ಬುದ್ಧಿ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ, ಬುದ್ಧಿಯಲ್ಲಿ ಕಿವುಡರಿಗೂ ಬೇರೆಯವರಿಗೂ ವ್ಯತ್ಯಾಸವಿಲ್ಲ ಅಂತ ಆ ಫೈಲು ಮುಚ್ಚಿದರು.

ಸರಿ, ಬುದ್ಧಿ ಇದೆ. ಹಾಗಾದ್ರೆ ಇಷ್ಟೊಂದು ಮಕ್ಕಳು ಓದಿನಲ್ಲಿ ಯಾಕೆ ಹಿಂದೆ ಬೀಳ್ತಾರೆ? ಈ ಪ್ರಶ್ನೆಗೆ ಬಂದ ಉತ್ತರ ಓದಿದಾಗಲೇ ನನ್ನ ಚೀಟಿ ನೆನಪಾಗಿ ನಾಚಿಕೆಯಾಗಿದ್ದು.

ಒಂದು ವಿಷಯ ಮೊದಲು ತಿಳ್ಕೊಳ್ಳಿ. ಕಿವುಡ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಹುಟ್ಟೋದು ಕಿವಿ ಕೇಳುವ ಅಪ್ಪ-ಅಮ್ಮನಿಗೆ. ಉಳಿದ ಸಣ್ಣ ಗುಂಪಿಗೆ ಅಪ್ಪ-ಅಮ್ಮನೂ ಕಿವುಡರು, ಮನೇಲಿ ಹುಟ್ಟಿದ ದಿನದಿಂದ ಸನ್ನೆ ಭಾಷೆ. ಸಮಾಜಶಾಸ್ತ್ರದ ಕ್ಯಾಥ್ರಿನ್ ಮೆಡೋ ಈ ಎರಡು ಗುಂಪನ್ನ ಎದುರುಬದುರು ಇಟ್ಟರು. ಬರ್ಕ್ಲಿಯಲ್ಲಿದ್ದ ಕ್ಯಾಲಿಫೋರ್ನಿಯಾ ಕಿವುಡರ ಶಾಲೆಯಿಂದ 59 ಜೋಡಿ ಮಕ್ಕಳು. ಪ್ರತಿ ಜೋಡಿಯಲ್ಲಿ ಒಂದು ಮಗು ಕಿವುಡ ತಂದೆತಾಯಿಯದ್ದು, ಇನ್ನೊಂದು ಕೇಳುವ ತಂದೆತಾಯಿಯದ್ದು. ವಯಸ್ಸು, ಗಂಡೋ ಹೆಣ್ಣೋ ಅನ್ನೋದು, ಬುದ್ಧಿ ಪರೀಕ್ಷೆಯ ಅಂಕ, ಎಲ್ಲ ಹೊಂದಿಸಿದ್ದು.

1968ರಲ್ಲಿ ಬಂದ ಫಲಿತಾಂಶ: ಓದು, ಲೆಕ್ಕ, ಬರಹ ಎಲ್ಲದರಲ್ಲೂ ಕಿವುಡ ತಂದೆತಾಯಿಯ ಮಕ್ಕಳು ಮುಂದೆ. ಜವಾಬ್ದಾರಿ, ಬೆರೆಯುವ ಗುಣ, ತನ್ನ ಬಗ್ಗೆ ತನಗಿರುವ ಅಭಿಪ್ರಾಯ, ಇವುಗಳಲ್ಲೂ ಮುಂದೆ. ಇನ್ನು ತುಟಿ ಓದುವುದು ಮತ್ತು ಬಾಯಲ್ಲಿ ಮಾತಾಡುವುದು? ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಸನ್ನೆ ಮಾಡಿದ್ರೆ ಮಾತು ಬರಲ್ಲ ಅನ್ನೋದಕ್ಕೆ ಇದು ನೇರ ಉತ್ತರ. ಹುಟ್ಟಿದಾಗಿಂದ ಸನ್ನೆ ನೋಡಿದವರ ಮಾತು, ಸನ್ನೆಯಿಂದ ದೂರ ಇಟ್ಟವರ ಮಾತಿಗಿಂತ ಕೆಟ್ಟಿರಲಿಲ್ಲ.

ನಮ್ಮವರು ತಕ್ಷಣ ಕೇಳ್ತೀರಿ, ಕನ್‌ಫೌಂಡಿಂಗ್ ಇಲ್ವಾ ಅಂತ. ಇದೆ. ಕಿವುಡ ತಂದೆತಾಯಿಯ ಮಕ್ಕಳದು ಸಾಮಾನ್ಯವಾಗಿ ವಂಶದಿಂದ ಬಂದ ಕಿವುಡುತನ. ಉಳಿದವರಲ್ಲಿ ಕೆಲವರದು ಮೆದುಳು ಜ್ವರ ಅಥವಾ ಬಸುರಿಯಲ್ಲಿ ತಾಯಿಗೆ ಬಂದ ರುಬೆಲ್ಲಾದಿಂದ ಬಂದದ್ದು, ಬೇರೆ ತೊಂದರೆಯೂ ಇರಬಹುದು. ವರ್ನನ್ ಈ ಮಾತನ್ನ ಎತ್ತಿದ್ದರು. ಇನ್ನೊಂದು ಅಂಶ ಭಾಷೆಗೇ ಸಂಬಂಧಿಸಿದ್ದಲ್ಲ. ಕಿವುಡ ಅಪ್ಪ-ಅಮ್ಮನಿಗೆ ಕಿವುಡ ಮಗು ಹುಟ್ಟಿದ್ರೆ ಮನೇಲಿ ಸಾವಾದ ಹಾಗೆ ಆಗಲ್ಲ. "ನಮ್ಮ ಥರ" ಅಂತ ಎತ್ಕೋತಾರೆ. ಕೇಳುವ ಅಪ್ಪ-ಅಮ್ಮ ಅನುಮಾನ ಬಂದ ದಿನದಿಂದ ಒಬ್ಬ ಡಾಕ್ಟರಿಂದ ಇನ್ನೊಬ್ಬರಿಗೆ ಅಲೀತಾರೆ, "ಏನಿಲ್ಲ, ದೊಡ್ಡವನಾದ್ಮೇಲೆ ಸರಿಹೋಗುತ್ತೆ" ಅನ್ನಿಸ್ಕೋತಾರೆ. ಮೆಡೋ ಈ ಅಲೆದಾಟದ ಬಗ್ಗೆಯೇ ಅದೇ ವರ್ಷ ಇನ್ನೊಂದು ಲೇಖನ ಬರೆದಿದ್ದಾರೆ. ಅದನ್ನ ಓದುವಾಗ ಬರ್ಕ್ಲಿ ಹೋಗಿ ಅರಸೀಕೆರೆ ಬಂತು. ಅಕ್ಕ ಬೆಳಗಿನ ಟ್ರೈನಿಗೆ ಹಾಸನ, ಮುಂದಿನ ವಾರ ತುಮಕೂರು, ಯಾರೋ ಹೇಳಿದ್ರು ಅಂತ ಧರ್ಮಸ್ಥಳದಲ್ಲಿ ಒಂದು ಹರಕೆ.

ಆಮೇಲೆ ಮೆಡೋ ಮತ್ತು ಮನೋವೈದ್ಯೆ ಹಿಲ್ಡೆ ಶ್ಲೆಸಿಂಗರ್ ಸೇರಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪುಟ್ಟ ಮಕ್ಕಳನ್ನೂ ಅವರ ತಾಯಂದಿರನ್ನೂ ವಿಡಿಯೋ ಮಾಡಿ ನೋಡಿದರು. 1972ರ ಅವರ ಪುಸ್ತಕದಲ್ಲಿ ಇದು ಬರುತ್ತೆ. ಕೇಳುವ ಮಕ್ಕಳ ತಾಯಂದಿರಿಗೆ ಹೋಲಿಸಿದರೆ ಕಿವುಡ ಮಕ್ಕಳ ತಾಯಂದಿರು ಹೆಚ್ಚು ಅಡ್ಡ ಬರ್ತಾರೆ, ಹೆಚ್ಚು ಹೇಳಿಕೊಡ್ತಾರೆ, ಮೆಚ್ಚುಗೆ ಕಡಿಮೆ, ಹೊಂದಿಕೊಳ್ಳೋದು ಕಡಿಮೆ. ಇದನ್ನ ತಾಯಂದಿರ ತಪ್ಪು ಅಂತ ಓದೋದು ಸುಲಭ, ಹಾಗೆ ಓದಿದವರೂ ಇದ್ದಾರೆ. ಆದರೆ ಮೆಡೋ ಮತ್ತು ಜೊತೆಗಾರರು 1981ರಲ್ಲಿ ಕಿವುಡ ತಾಯಿ-ಕಿವುಡ ಮಗು ಜೋಡಿಗಳನ್ನೂ ಸೇರಿಸಿ ನೋಡಿದಾಗ, ಆ ಜೋಡಿಗಳ ಮಾತುಕತೆ ಕೇಳುವ ತಾಯಿ-ಕೇಳುವ ಮಗುವಿನದರಂತೆಯೇ ಸಲೀಸಾಗಿತ್ತು. ಇಬ್ಬರ ಮಧ್ಯೆ ಒಂದು ಭಾಷೆ ಇದೆಯೋ ಇಲ್ಲವೋ ಅನ್ನೋದರ ಮೇಲೆ ತಾಯಿಯ ಸ್ವಭಾವವೇ ಬೇರೆಯಾಗಿ ಕಾಣುತ್ತೆ.

ಅಕ್ಕನ್ನ ನೋಡಿದ ನನಗೆ ಇದಕ್ಕೆ ವಿಡಿಯೋ ಬೇಕಿರಲಿಲ್ಲ. ಅಕ್ಕ ತಮಾಷೆಯ ಮನುಷ್ಯಳು. ನಮ್ಮನೆಯಲ್ಲಿ ಎಲ್ಲರ ಮಿಮಿಕ್ರಿ ಮಾಡೋಳು. ಮಗನ ಮುಂದೆ ಮಾತ್ರ ಟೀಚರಾಗಿಬಿಟ್ಟಿದ್ದಳು. ಬಾಳೆಹಣ್ಣು ಎದುರಿಗೆ ಹಿಡಿದು "ಇದೇನು? ಹೇಳು. ಬಾ-ಳೆ-ಹ-ಣ್ಣು". ಹೇಳಿದ್ರೆ ಹಣ್ಣು, ಇಲ್ಲದಿದ್ರೆ ಇನ್ನೊಂದು ಸಲ. ಅವನು ಹಣ್ಣನ್ನ ಬಿಟ್ಟು ಎದ್ದು ಹೋಗ್ತಿದ್ದ. ನಾಟಿಂಗ್‌ಹ್ಯಾಮಿನ ಡೇವಿಡ್ ವುಡ್ ಮತ್ತು ತಂಡ 1986ರಲ್ಲಿ ಶಾಲೆಯ ಟೀಚರುಗಳ ಬಗ್ಗೆ ಬರೆದದ್ದೂ ಇದೇ. ಕಿವುಡ ಮಗುವಿನ ಜೊತೆ ದೊಡ್ಡವರು ಪ್ರಶ್ನೆ ಮೇಲೆ ಪ್ರಶ್ನೆ ಹಾಕಿ, ಉಚ್ಚಾರ ತಿದ್ದಿ ಮಾತುಕತೆಯನ್ನ ಕೊಂದುಹಾಕ್ತಾರೆ. ಪ್ರಶ್ನೆ ಕಡಿಮೆ ಮಾಡಿ ತಮ್ಮದೇ ಏನಾದರೂ ಹೇಳ್ಕೊಂಡರೆ ಮಗು ತಾನಾಗಿ ಹೆಚ್ಚು ಮಾತಾಡುತ್ತೆ.

ಹುಡುಗನ ಮೂಗುತಿ ಸನ್ನೆಗೂ ಒಂದು ಸಂಶೋಧನೆ ಇದೆ ಅಂತ ಗೊತ್ತಾದ ದಿನ ನಾನು ಪುಣೆಯ ಆಫೀಸ್ ಬಸ್ಸಿನಲ್ಲಿ ಇಳಿಯೋ ಸ್ಟಾಪ್ ಬಿಟ್ಟು ಮುಂದೆ ಹೋಗಿದ್ದೆ. ಸೂಸನ್ ಗೋಲ್ಡಿನ್-ಮೆಡೋ (ಈ ಮೆಡೋ ಬೇರೆ) ಮತ್ತು ಹೈಡಿ ಫೆಲ್ಡ್‌ಮನ್ 1977ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಆರು ಕಿವುಡ ಮಕ್ಕಳ ಬಗ್ಗೆ ಬರೆದರು. ಎಲ್ಲರ ತಂದೆತಾಯಿಯೂ ಕೇಳುವವರು, ಮಕ್ಕಳಿಗೆ ಮಾತೇ ಬರಲಿ ಅಂತ ಸನ್ನೆ ಭಾಷೆಯಿಂದ ದೂರ ಇಟ್ಟವರು. ಆದರೂ ಆ ಮಕ್ಕಳು ತಾವೇ ಸನ್ನೆ ಕಟ್ಟಿ, ಅವನ್ನ ಒಂದರ ಪಕ್ಕ ಒಂದು ಜೋಡಿಸಿ ವಾಕ್ಯದಂಥದ್ದನ್ನ ಮಾಡ್ತಿದ್ದರು. ಅದಕ್ಕೊಂದು ಕ್ರಮವೂ ಇತ್ತು: ವಸ್ತು ಮೊದಲು, ಅದನ್ನ ಏನು ಮಾಡಬೇಕೋ ಆ ಕ್ರಿಯೆ ಆಮೇಲೆ. ಇಂಗ್ಲಿಷಿನಲ್ಲಿ ಇದು ಉಲ್ಟಾ, ಕನ್ನಡದಲ್ಲಿ ಹೀಗೇ. 1998ರಲ್ಲಿ ತೈವಾನಿನ ನಾಲ್ಕು ಮಕ್ಕಳನ್ನೂ ಅಮೆರಿಕದ ನಾಲ್ಕು ಮಕ್ಕಳನ್ನೂ ಹೋಲಿಸಿದಾಗ, ಆ ಮಕ್ಕಳ ಸನ್ನೆಗಳು ತಮ್ಮ ತಮ್ಮ ತಾಯಂದಿರ ಸನ್ನೆಗಳಿಗಿಂತ ಹೆಚ್ಚಾಗಿ ಒಂದಕ್ಕೊಂದು ಹೋಲ್ತಿದ್ದವು.

ಅಂದ್ರೆ ನಾಲ್ಕು ವರ್ಷದ ಹುಡುಗ ನಮ್ಮನೆ ಅಡುಗೆಮನೆಯಲ್ಲಿ ನಿಂತು ಭಾಷೆ ಕಟ್ಟುತ್ತಿದ್ದ. ಅದೇ ಅಡುಗೆಮನೆಯ ಫ್ರಿಜ್ಜಿನ ಮೇಲೆ ನನ್ನ ಚೀಟಿ.

ಭಾಷೆ ತಡವಾದರೆ ಏನಾಗುತ್ತೆ ಅನ್ನೋದಕ್ಕೆ ಒಂದೇ ಒಂದು ಉದಾಹರಣೆ ಕೊಡ್ತೀನಿ. ಆಸ್ಟ್ರೇಲಿಯಾದಲ್ಲಿ ಕ್ಯಾಂಡಿಡಾ ಪೀಟರ್ಸನ್ ಮತ್ತು ಮೈಕಲ್ ಸೀಗಲ್ 1995ರಲ್ಲಿ ಕಿವುಡ ಮಕ್ಕಳಿಗೆ ಒಂದು ಗೊಂಬೆಯಾಟ ತೋರಿಸಿದರು. ಒಂದು ಗೊಂಬೆ ಗೋಲಿಯನ್ನ ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತೆ, ಇನ್ನೊಂದು ಅದನ್ನ ಬೇರೆ ಕಡೆ ಇಡುತ್ತೆ. ಮೊದಲನೇ ಗೊಂಬೆ ವಾಪಸ್ ಬಂದು ಎಲ್ಲಿ ಹುಡುಕುತ್ತೆ? ಕೇಳುವ ಮಕ್ಕಳು ನಾಲ್ಕೈದು ವರ್ಷಕ್ಕೆ ಸರಿಯಾಗಿ ಹೇಳೋ ಈ ಪ್ರಶ್ನೆಗೆ, ಕೇಳುವ ಮನೆಗಳ ಕಿವುಡ ಮಕ್ಕಳಲ್ಲಿ ಹೆಚ್ಚಿನವರು ಎಂಟು ಹತ್ತು ವರ್ಷ ಆಗಿದ್ದರೂ ತಪ್ಪು ಹೇಳಿದರು. ಮುಂದೆ ಬೇರೆ ದೇಶಗಳಲ್ಲಿ ನೋಡಿದಾಗ, ಹುಟ್ಟಿನಿಂದ ಸನ್ನೆ ಭಾಷೆ ಕಂಡ ಕಿವುಡ ಮಕ್ಕಳಿಗೆ ಈ ತೊಂದರೆ ಇರಲಿಲ್ಲ. ಇನ್ನೊಬ್ಬರ ತಲೆಯಲ್ಲಿ ಏನಿದೆ ಅನ್ನೋದು ಮಗುವಿಗೆ ಗೊತ್ತಾಗೋದು ಮನೆಮಂದಿಯ ಹರಟೆಯಿಂದ. "ಅವಳಿಗೆ ಬೇಜಾರಾಗಿದೆ", "ನಿಮ್ಮಪ್ಪ ಮರೆತಿದಾರೆ ಅನ್ಸುತ್ತೆ", ಇಂಥ ಪುಡಿ ಮಾತುಗಳಿಂದ. ಅಮೆರಿಕದ ಕಿವುಡರು ಇದಕ್ಕೆ ಊಟದ ಮೇಜಿನ ಕಾಯಿಲೆ ಅಂತ ಹೆಸರಿಟ್ಟಿದ್ದಾರೆ. ಎಲ್ಲರೂ ನಗ್ತಾರೆ, ಕಿವುಡ ಮಗು "ಏನು?" ಅಂತ ಕೇಳುತ್ತೆ, "ಏನಿಲ್ಲ, ಆಮೇಲೆ ಹೇಳ್ತೀನಿ" ಅಂತಾರೆ. ನಮ್ಮನೇಲಿ ಮೇಜಿರಲಿಲ್ಲ, ಹಬ್ಬದ ಪಂಕ್ತಿ ಇತ್ತು. "ಆಮೇಲೆ" ಅಂತ ನಾನೇ ಎಷ್ಟು ಸಲ ಕೈ ಆಡಿಸಿದ್ದೀನೋ.

ಇಲ್ಲೀತನಕ ಓದಿದವರು ಕಿವಿ ಮಿಷಿನ್, ಇಂಪ್ಲಾಂಟ್, ಮಾತಿನ ತರಬೇತಿ ಎಲ್ಲ ವ್ಯರ್ಥ ಅಂತ ತಿಳ್ಕೋಬೇಡಿ. ಕೊಲೊರಾಡೋದಲ್ಲಿ ಕ್ರಿಸ್ಟೀನ್ ಯೋಶಿನಾಗ-ಇಟಾನೊ 1998ರಲ್ಲಿ 150 ಮಕ್ಕಳನ್ನ ನೋಡಿದರು. ಆರು ತಿಂಗಳೊಳಗೆ ಕಿವುಡುತನ ಪತ್ತೆಯಾದ 72 ಮಕ್ಕಳು, ಆಮೇಲೆ ಪತ್ತೆಯಾದ 78. ಮೊದಲ ಗುಂಪಿನ ಭಾಷೆ ಗಣನೀಯವಾಗಿ ಮುಂದಿತ್ತು, ಮನೇಲಿ ಬಳಸಿದ್ದು ಮಾತಾಗಲಿ ಸನ್ನೆಯಾಗಲಿ. ಬೇಗ ಗೊತ್ತಾಗೋದೇ ಅರ್ಧ ಕೆಲಸ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಪ್ರಿಸ್ಕೂಲಿನಲ್ಲಿ ಅಮ್ಮಂದಿರೂ ಮಕ್ಕಳ ಜೊತೆ ತರಗತಿಗೆ ಬಂದು ಕಲೀತಾರೆ. ನಿಮ್ಮ ಮನೇಲಿ ಪುಟ್ಟ ಮಗುವಿದ್ದು, ಹಿಂದಿನಿಂದ ಕರೆದಾಗ ತಿರುಗಲಿಲ್ಲ ಅಂದ್ರೆ "ಲೇಟು" ಅಂತ ಕೂರಬೇಡಿ, ಆ ವಾರವೇ ತೋರಿಸಿ.

ನಮ್ಮಂಥ ಊರು ಬಿಟ್ಟವರಿಗೆ ಇನ್ನೊಂದು ಕಗ್ಗಂಟು. ಪುಣೆಯಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಮಗಳಿಗೆ ಇಂಪ್ಲಾಂಟ್ ಆಗಿದೆ. ಮನೇಲಿ ಕನ್ನಡ, ಹೊರಗೆ ಮರಾಠಿ-ಹಿಂದಿ, ಶಾಲೆ ಇಂಗ್ಲಿಷ್. "ಒಂದೇ ಭಾಷೆ ಆರಿಸಿ, ಇಂಗ್ಲಿಷ್ ಮಾತ್ರ ಆಡಿ" ಅಂತ ಅವರಿಗೆ ಯಾರೋ ಹೇಳಿದ್ರು. ಹುಬ್ಬಳ್ಳಿಯಿಂದ ಬಂದಿದ್ದ ಅಜ್ಜಿಗೆ ಇಂಗ್ಲಿಷ್ ಬರಲ್ಲ. ಎರಡು ತಿಂಗಳು ಮೊಮ್ಮಗಳ ಹತ್ತಿರ ಮಾತೇ ಆಡದೆ ಕೂತು ವಾಪಸ್ ಹೋದರು. ಅಮೆರಿಕದಲ್ಲಿ ಸ್ಪ್ಯಾನಿಷ್ ಆಡುವ ಮನೆಗಳ ಇಂಥ ಮಕ್ಕಳ ಮೇಲೆ ಇತ್ತೀಚೆಗೆ ನಡೆದ ಅಧ್ಯಯನಗಳಲ್ಲಿ, ಮನೆಭಾಷೆಗೂ ಬೆಂಬಲ ಸಿಕ್ಕಿದ ಮಕ್ಕಳ ಇಂಗ್ಲಿಷ್ ಅದರಿಂದ ಕೆಟ್ಟಿದ್ದು ಕಂಡಿಲ್ಲ. ಅದನ್ನ ನಾನು ಅವರಿಗೆ ಪ್ರಿಂಟ್ ತೆಗೆದು ಕೊಟ್ಟೆ. ಹೌದು, ಮತ್ತೆ ಎ4 ಹಾಳೆ.

ಸನ್ನೆ ಭಾಷೆ ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ ಅಂತಲೇ ಬಹಳ ಕಾಲ ನಡೀತು. 1970ರ ದಶಕದ ಕೊನೆಯಲ್ಲಿ ಮದನ್ ವಸಿಷ್ಠ ಮತ್ತು ಅಮೆರಿಕದ ಸಂಶೋಧಕರು ದೆಹಲಿ, ಕಲ್ಕತ್ತ, ಮುಂಬಯಿ ಮತ್ತು ನಮ್ಮ ಬೆಂಗಳೂರಿನ ಕಿವುಡರ ಸನ್ನೆಗಳನ್ನ ದಾಖಲಿಸಿದರು. ಊರೂರಿಗೆ ಪದ ಬೇರೆ ಇದ್ದರೂ ಬೇರು ಒಂದೇ ಅನ್ನುವಷ್ಟು ಹೋಲಿಕೆ ಸಿಕ್ಕಿತು. ವಸಿಷ್ಠ ಹಿಮಾಚಲದ ಹಳ್ಳಿಯವರು, ಹನ್ನೊಂದನೇ ವಯಸ್ಸಿನಲ್ಲಿ ಕಿವಿ ಕಳಕೊಂಡವರು. ಇವತ್ತು ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಗೆ ಸರ್ಕಾರಿ ಕೇಂದ್ರವಿದೆ, 2015ರಲ್ಲಿ ಶುರುವಾಗಿದ್ದು. ಅದರ ನಿಘಂಟು 2018ರಲ್ಲಿ 3000 ಪದದಿಂದ ಹೊರಟು 2021ಕ್ಕೆ 10,000 ಮುಟ್ಟಿತು. ಎಲ್ಲ ವಿಡಿಯೋ, ಎಲ್ಲ ಪುಕ್ಕಟೆ. 2011ರ ಜನಗಣತಿ ಪ್ರಕಾರ ಕಿವಿ ಕೇಳದವರು ದೇಶದಲ್ಲಿ ಸುಮಾರು 50 ಲಕ್ಷ.

ನಮ್ಮ ಹುಡುಗ ಸನ್ನೆ ಭಾಷೆ ಕಲಿತಿದ್ದು ಹದಿನಾಲ್ಕನೇ ವಯಸ್ಸಿಗೆ, ಬೆಂಗಳೂರಿನ ಹಾಸ್ಟೆಲಿನಲ್ಲಿ, ರೂಮಿನ ಹುಡುಗರಿಂದ. ಮೊದಲ ರಜೆಗೆ ಬಂದಾಗ ಅಕ್ಕನಿಗೆ ಅವನ ಕೈ ಓದೋಕೆ ಆಗಲಿಲ್ಲ, ಅಷ್ಟು ಜೋರು. ಅಳ್ತಾ ನನಗೆ ಫೋನ್ ಮಾಡಿದ್ಲು. ಖುಷಿಗೋ ದುಃಖಕ್ಕೋ ಅಂತ ನಾನು ಕೇಳಲಿಲ್ಲ. ಈಗ ಅವನಿಗೆ ಹತ್ತೊಂಬತ್ತು. ಅಕ್ಕ ಐವತ್ತರ ಹತ್ತಿರ ಬಂದು ಸನ್ನೆ ಕಲಿತಳು, ಮಿಮಿಕ್ರಿ ವಾಪಸ್ ಬಂದಿದೆ, ಈಗ ಅದು ಕೈಯಲ್ಲಿ. ನಾನು ಮೂವತ್ತಾರಕ್ಕೆ ಕಲೀತಾ ಇದ್ದೀನಿ, ವಾರಕ್ಕೆ ಎರಡು ದಿನ ಆನ್‌ಲೈನ್ ಕ್ಲಾಸು. ನನ್ನ ಸನ್ನೆ ನೋಡಿ ಅವನು "ಮಾವ, ನೆಟ್ ಸ್ಲೋ ಇದೆಯಾ" ಅಂತ ಕೇಳ್ತಾನೆ.

ಈ ವಿಡಿಯೋ ಹಾಕೋ ಮುಂಚೆ ಅವನ ಒಪ್ಪಿಗೆ ತಗೊಂಡೆ, ಹೆಸರು ಬೇಡ ಅಂದ. ಆಮೇಲೆ ಲಿಂಕ್ ಕಳಿಸಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು: "ಕ್ಯಾಪ್ಷನ್ ಎಲ್ಲಿ?" ತಾನಾಗಿ ಬರೋ ಕನ್ನಡ ಕ್ಯಾಪ್ಷನ್ ಹಾಕಿ ನೋಡಿದೆ, ಮಿಲಾನ್ ಅನ್ನೋದು "ಮಿಲನ" ಆಗಿತ್ತು. ಹಾಗಾಗಿ ಈ ಬರಹವನ್ನ ಮೊದಲು ಅವನಿಗೇ ಕಳಿಸಿದ್ದು. ಮೂರು ತಿದ್ದುಪಡಿ ಹೇಳಿದ. ಒಂದು, ಬಾಳೆಹಣ್ಣಲ್ಲ, ಅದು ಸೀಬೆಕಾಯಿ. ಎರಡು, ನನ್ನ ಸನ್ನೆ ಕನ್ನಡಕ ಅಲ್ಲ, ಅದು ಗೂಬೆ. ಮೂರನೆಯದನ್ನ ಬರೆಯಬೇಡ ಅಂದಿದ್ದಾನೆ. ಮೊದಲ ಎರಡನ್ನ ಮೇಲೆ ತಿದ್ದಿಲ್ಲ, ನಾನು ಹೇಗೆ ನೆನಪಿಟ್ಟಿದ್ದೆ ಅನ್ನೋದು ಹಾಗೇ ಇರಲಿ ಅಂತ.